ಪ್ರಾಸ ತೆಗೆದು ಓದಿ: ಘೋಷಣೆ ಕೂಗುವ ಮೊದಲು ಕೇಳಬೇಕಾದ ಪ್ರಶ್ನೆಗಳು

'ಕೈ ಕೆಸರಾದರೆ ಬಾಯಿ ಮೊಸರು.' ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಈ ಗಾದೆ ಪರೀಕ್ಷೆಯ ಹಾಲ್‌ನಿಂದಲೇ ಪರಿಚಯ. 'ಗಾದೆಯನ್ನು ವಿಸ್ತರಿಸಿ ಬರೆಯಿರಿ' ಅನ್ನೋ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಮೊದಲ ಸಾಲು ಬರೆದು, ಕಷ್ಟಪಟ್ಟರೆ ಸುಖ ಉಂಟು ಅಂತ ಒಂದಿಷ್ಟು ಸಾಲು ಸೇರಿಸಿದರೆ ಮಾರ್ಕ್ಸ್ ಗ್ಯಾರಂಟಿ. 'ಈ ಗಾದೆ ನಿಜವೇ, ಪರೀಕ್ಷಿಸಿ' ಅಂತ ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಈಗ ಕೇಳೋಣ. ಗಾದೆಯ ಪ್ರಾಸ ತೆಗೆದು, ಅದೇ ಅರ್ಥವನ್ನು ಸಾದಾ ಮಾತಿನಲ್ಲಿ ಬರೆಯೋಣ: 'ಮೈ ಕೊಳೆ ಮಾಡಿಕೊಂಡು ದುಡಿಯುವವರಿಗೆ ಒಳ್ಳೆಯ ಊಟ ಸಿಗುತ್ತದೆ.' ಹೀಗೆ ಬರೆದ ತಕ್ಷಣ ಮನಸ್ಸಿನಲ್ಲಿ ಒಂದು 'ಆದರೆ' ಏಳುತ್ತದೆ. ನಗರದ ಒಳಚರಂಡಿಗೆ ಇಳಿಯುವವರ ಕೈಗಿಂತ ಹೆಚ್ಚು ಕೆಸರಾದ ಕೈ ಯಾವುದಿದೆ? ಕಟ್ಟಡದ ಸೈಟಿನಲ್ಲಿ ಕಲ್ಲು ಹೊರುವ ಯಾದಗಿರಿಯ ಹೆಂಗಸಿನ ತಟ್ಟೆಯಲ್ಲಿ ಮೊಸರು ಎಷ್ಟು ದಿನ ಇರುತ್ತದೆ? ಹಾಗೆಯೇ, ಕೈಗೆ ಕೆಸರೇ ತಾಗದ ಎಷ್ಟು ಜನರ ಬಾಯಲ್ಲಿ ದಿನಾ ಮೊಸರಿದೆ?

ಗಾದೆ ಹೇಳಿದ್ದು ಎರಡೂ ಸಲ ಒಂದೇ ವಿಷಯ. ಒಂದು ಸಲ ತಲೆಯಾಡಿಸಿದೆವು, ಇನ್ನೊಂದು ಸಲ ಅನುಮಾನಪಟ್ಟೆವು. ನಡುವೆ ಬದಲಾಗಿದ್ದು 'ಕೆಸರು–ಮೊಸರು' ಎಂಬ ಪ್ರಾಸ ಮಾತ್ರ. ಅಂದರೆ ಇಷ್ಟು ದಿನ ನಮ್ಮನ್ನು ಒಪ್ಪಿಸಿದ್ದು ಆ ಮಾತಿನೊಳಗಿನ ಸತ್ಯವೋ, ಅದರ ಸದ್ದೋ?

ಗಾದೆಯ ಮಟ್ಟಿಗೆ ಇದರಿಂದ ದೊಡ್ಡ ನಷ್ಟ ಏನಿಲ್ಲ. ಆದರೆ ಇದೇ ತಂತ್ರದ ಮೇಲೆ ಚುನಾವಣೆಗಳು ನಡೆಯುತ್ತವೆ. ನಾವು ವೋಟು ಹಾಕುವುದು, ಬೀದಿಗಿಳಿಯುವುದು, ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪನ ಜೊತೆ ಜಗಳ ಆಡುವುದು ಎಲ್ಲವೂ ಹೆಚ್ಚುಕಮ್ಮಿ ನಾಲ್ಕೈದು ಪದಗಳ ಘೋಷಣೆಗಳ ಬಲದ ಮೇಲೆಯೇ. ಹಾಗಾಗಿ ಘೋಷಣೆಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ಹೇಗೆ ಬಿಚ್ಚಿ ನೋಡಬೇಕು ಅನ್ನೋದನ್ನು ನಮ್ಮದೇ ರಾಜ್ಯದ ಕೆಲವು ಉದಾಹರಣೆಗಳ ಮೂಲಕ ನೋಡೋಣ. ಎಚ್ಚರಿಕೆ: ನಿಮ್ಮ ಮೆಚ್ಚಿನ ಘೋಷಣೆಯೂ ಇದರಲ್ಲಿ ಇರಬಹುದು.

ಮಿದುಳು ಮೋಸ ಹೋಗುವುದು ಎಲ್ಲಿ?

ಪ್ರಾಸದ ಬಗ್ಗೆ ಮೇಲೆ ಹೇಳಿದ್ದು ನನ್ನ ಊಹೆಯಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನ ಸಂಶೋಧಕರು, ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸ್ಸಿಕಾ ತೋಫಿಘ್‌ಬಕ್ಷ್, ಇದನ್ನೇ ಪರೀಕ್ಷೆ ಮಾಡಿದ್ದರು. ಹೆಚ್ಚು ಬಳಕೆಯಲ್ಲಿಲ್ಲದ ಇಂಗ್ಲಿಷ್ ನಾಣ್ಣುಡಿಗಳನ್ನು ಎರಡು ರೂಪದಲ್ಲಿ ಜನರಿಗೆ ಕೊಟ್ಟರು. ಒಂದು ಪ್ರಾಸವಿದ್ದದ್ದು, ಇನ್ನೊಂದು ಅದೇ ಅರ್ಥದ ಪ್ರಾಸವಿಲ್ಲದ್ದು. 'ಇದು ಮನುಷ್ಯರ ನಡವಳಿಕೆಯನ್ನು ಎಷ್ಟು ಸರಿಯಾಗಿ ಹೇಳುತ್ತದೆ?' ಅಂತ ಕೇಳಿದರು. ಪ್ರಾಸವಿದ್ದ ಮಾತು ಹೆಚ್ಚು ನಿಜ ಅಂತ ಜನರಿಗೆ ಅನ್ನಿಸಿತು. ಆದರೆ ಅದೇ ಅಧ್ಯಯನದಲ್ಲಿ ಒಂದು ಸಮಾಧಾನದ ವಿಷಯವೂ ಇದೆ. 'ಮಾತಿನ ಅಂದ ಬೇರೆ, ಅದು ಹೇಳುವ ವಿಷಯ ಬೇರೆ, ಎರಡನ್ನೂ ಬೇರೆ ಮಾಡಿ ನೋಡಿ' ಅಂತ ಮೊದಲೇ ಹೇಳಿದಾಗ ಪ್ರಾಸದ ಮೋಡಿ ಬಹಳಷ್ಟು ಇಳಿಯಿತು. ಅಂದರೆ ಇದಕ್ಕೆ ಮದ್ದು ಇದೆ, ಅದೂ ಪುಕ್ಕಟೆಯಾಗಿ.

ಎರಡನೆಯದು ಪುನರಾವರ್ತನೆ. 1977ರಲ್ಲಿ ಲಿನ್ ಹ್ಯಾಷರ್, ಡೇವಿಡ್ ಗೋಲ್ಡ್‌ಸ್ಟೈನ್ ಮತ್ತು ಥಾಮಸ್ ಟೊಪಿನೊ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಒಂದಷ್ಟು ಹೇಳಿಕೆಗಳನ್ನು ಕೇಳಿಸಿದರು. ಪ್ರತಿ ಸಲವೂ ಮರಳಿ ಬಂದ ಹೇಳಿಕೆಗಳು, ಅವು ನಿಜವಿರಲಿ ಸುಳ್ಳಿರಲಿ, ಬರಬರುತ್ತಾ ಹೆಚ್ಚು ನಿಜ ಅನ್ನಿಸತೊಡಗಿದವು. 'ಗೊತ್ತಿಲ್ಲದ ವಿಷಯವಾದ್ದರಿಂದ ಹಾಗಾಯ್ತು, ನನಗೆ ಗೊತ್ತಿರೋ ವಿಷಯದಲ್ಲಿ ಹಾಗಾಗಲ್ಲ' ಅಂತೀರಾ? 2015ರಲ್ಲಿ ಲೀಸಾ ಫಾಜಿಯೊ ಮತ್ತು ಅವರ ತಂಡ ಪ್ರಕಟಿಸಿದ ಅಧ್ಯಯನ ಆ ಭರವಸೆಯನ್ನೂ ಅಲ್ಲಾಡಿಸಿತು. ಸ್ಕಾಟ್ಲೆಂಡಿನ ಗಂಡಸರು ತೊಡುವ ನೆರಿಗೆಯ ಗಿಡ್ಡ ಲಂಗದ ಹೆಸರು ಸೀರೆ ಅನ್ನುವಂಥ ವಾಕ್ಯಗಳು ಅದರಲ್ಲಿದ್ದವು. ಸರಿಯಾದ ಉತ್ತರ ತಿಳಿದವರಿಗೂ ಎರಡನೇ ಸಲ ಓದುವಾಗ ಅವು ಮೊದಲಿಗಿಂತ ಸ್ವಲ್ಪ ಹೆಚ್ಚು ನಿಜ ಅನ್ನಿಸಿದವು.

ಇಂಜಿನಿಯರಿಂಗ್ ಓದಿದ ಅಭ್ಯಾಸಬಲದಿಂದ ನನಗೆ ಇದು ಫೈಲ್ ಕಂಪ್ರೆಷನ್ ಥರ ಕಾಣುತ್ತದೆ. ಒಂದು ದೊಡ್ಡ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಸೈಜು ಕಡಿಮೆ ಮಾಡಿ ಕಳಿಸುತ್ತದೆ. ಫೋಟೊ ಬೇಗ ಹೋಗುತ್ತದೆ, ಎಲ್ಲರಿಗೂ ತಲುಪುತ್ತದೆ. ಆದರೆ ಕಳೆದುಹೋದ ವಿವರ ವಾಪಸ್ ಬರಲ್ಲ. ಎಷ್ಟೇ ಜೂಮ್ ಮಾಡಿದರೂ ಕಾಣೋದು ಚೌಕ ಚೌಕವಾದ ಮಸುಕು. ಘೋಷಣೆಯೂ ಹಾಗೆಯೇ. ಒಂದು ವಾದವನ್ನು ನಾಲ್ಕು ಪದಕ್ಕೆ ಇಳಿಸುವಾಗ ಏನನ್ನೋ ಬಿಟ್ಟಿರುತ್ತಾರೆ. ಹಾಗೆ ಬಿಡುವುದೇ ತಪ್ಪು ಅಂತಲ್ಲ, ಬಿಡದೆ ಘೋಷಣೆ ಆಗುವುದೇ ಇಲ್ಲ. ನಾವು ಕೇಳಬೇಕಾದ್ದು, ಬಿಟ್ಟಿದ್ದು ಏನು ಮತ್ತು ಅದನ್ನು ಬಿಟ್ಟಿದ್ದರಿಂದ ಯಾರಿಗೆ ಲಾಭ ಅಂತ.

ಎರಡು ಇಂಜಿನ್, ಒಂದು ಪ್ರಶ್ನೆ

ಮೊದಲು 'ಡಬಲ್ ಇಂಜಿನ್ ಸರ್ಕಾರ' ನೋಡೋಣ. ಕೇಂದ್ರ ಮತ್ತು ರಾಜ್ಯದಲ್ಲಿ ಒಂದೇ ಪಕ್ಷ ಇದ್ದರೆ ಅಭಿವೃದ್ಧಿ ವೇಗವಾಗಿ ಆಗುತ್ತದೆ ಎಂಬುದು ಇದರ ಅರ್ಥ. ಹೋಲಿಕೆ ಚೆನ್ನಾಗಿದೆ. ಘಾಟಿ ಹತ್ತುವ ರೈಲಿಗೆ ಇನ್ನೊಂದು ಇಂಜಿನ್ ಜೋಡಿಸುವುದನ್ನು ಸಕಲೇಶಪುರದ ಕಡೆ ನೋಡಿದವರಿಗೆ ಅದು ಕಣ್ಣಿಗೆ ಕಟ್ಟುತ್ತದೆ.

ಆದರೆ ಹೋಲಿಕೆಯನ್ನು ಬಿಚ್ಚಿ ಸಾದಾ ಮಾತಿನಲ್ಲಿ ಬರೆದರೆ ಒಂದು ವಿಚಿತ್ರ ಒಪ್ಪಿಗೆ ಹೊರಬರುತ್ತದೆ: 'ನೀವು ಬೇರೆ ಪಕ್ಷವನ್ನು ಗೆಲ್ಲಿಸಿದರೆ ಕೇಂದ್ರದ ಇಂಜಿನ್ ನಿಮ್ಮ ರಾಜ್ಯವನ್ನು ಅಷ್ಟಾಗಿ ಎಳೆಯುವುದಿಲ್ಲ.' ಇದನ್ನು ಹೀಗೇ ವೇದಿಕೆಯ ಮೇಲೆ ಹೇಳಿದರೆ ಜನ ಸಿಟ್ಟಾಗುತ್ತಾರೆ. ಯಾಕೆಂದರೆ ಕೇಂದ್ರಕ್ಕೆ ಎಲ್ಲ ರಾಜ್ಯದವರೂ ತೆರಿಗೆ ಕಟ್ಟುತ್ತಾರೆ, ಕೇಂದ್ರ ಸರ್ಕಾರ ಎಲ್ಲ ರಾಜ್ಯಕ್ಕೂ ಸೇರಿದ್ದು. ಹೋಲಿಕೆಯ ಕೆಲಸವೇ ಆ ಸಿಟ್ಟು ಬರದ ಹಾಗೆ ನೋಡಿಕೊಳ್ಳುವುದು.

ಇನ್ನು ಪರೀಕ್ಷೆ. ಕರ್ನಾಟಕದಲ್ಲಿ 2019ರ ಜುಲೈನಿಂದ 2023ರ ಮೇವರೆಗೆ ಎರಡೂ ಕಡೆ ಬಿಜೆಪಿ ಸರ್ಕಾರ ಇತ್ತು. ಇದೇ ಅವಧಿಯಲ್ಲಿ ಬಂದ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ, ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ ಶೇ. 3.647ಕ್ಕೆ ಇಳಿಯಿತು. ಈ ನಷ್ಟವನ್ನು ಸ್ವಲ್ಪ ತುಂಬಿಕೊಡಲು 2020–21ನೇ ಸಾಲಿಗೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಕೊಡಿ ಅಂತ ಆಯೋಗವೇ ಮಧ್ಯಂತರ ವರದಿಯಲ್ಲಿ ಹೇಳಿತ್ತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ.

ಹಾಗಂತ 'ಪಾಲು ಇಳಿದಿದ್ದೇ ಡಬಲ್ ಇಂಜಿನ್‌ನಿಂದ' ಅಂದರೆ ಅದೂ ತಪ್ಪು. ಹಣಕಾಸು ಆಯೋಗ ಸಾಂವಿಧಾನಿಕ ಸಂಸ್ಥೆ, ಅದಕ್ಕೆ ತನ್ನದೇ ಸೂತ್ರವಿದೆ. ಪಾಲು ಇಳಿಯಲು ಮುಖ್ಯ ಕಾರಣ ಆ ಸೂತ್ರವೇ. ಆದರೆ ಘೋಷಣೆ ಭರವಸೆ ಕೊಟ್ಟಿದ್ದ ಎಳೆತ, ಅತ್ಯಂತ ಬೇಕಾಗಿದ್ದ ಜಾಗದಲ್ಲಿ, ಅಂದರೆ ಆಯೋಗವೇ ಕೊಡಿ ಅಂದ ದುಡ್ಡನ್ನು ಕೊಡುವ ವಿಷಯದಲ್ಲಿ, ಕಾಣಲಿಲ್ಲ. ಯಾವುದೇ ಘೋಷಣೆಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: *ಏನಾದರೆ ಈ ಮಾತು ಸುಳ್ಳಾಗುತ್ತದೆ?* ಉತ್ತರ ಇದ್ದರೆ ಪರೀಕ್ಷೆ ಮಾಡಬಹುದು. ಏನಾದರೂ ಸುಳ್ಳಾಗದ ಮಾತಾಗಿದ್ದರೆ ಅದು ಬರೀ ಜೈಕಾರ.

1971ರ 'ಗರೀಬಿ ಹಟಾವೋ' ಈ ಪ್ರಶ್ನೆಯಲ್ಲಿ ಎಡವುವ ಘೋಷಣೆ. ಬಡತನ ತೊಲಗಿಸಿ, ಸರಿ. ಯಾರು, ಯಾವ ವರ್ಷದೊಳಗೆ, ಎಷ್ಟು ಜನರ ಬಡತನವನ್ನು, ಯಾರ ಖರ್ಚಿನಲ್ಲಿ? ಎರಡು ಪದದಲ್ಲಿ ಇದಕ್ಕೆ ಜಾಗವಿಲ್ಲ. ಗಡುವೇ ಇಲ್ಲದ ಮಾತು ತಪ್ಪಿತು ಅಂತ ಹೇಳುವ ದಿನವೂ ಬರುವುದಿಲ್ಲ. ಇಂದಿರಾ ಗಾಂಧಿ ಆ ಚುನಾವಣೆಯಲ್ಲಿ ದೊಡ್ಡ ಬಹುಮತದಿಂದ ಗೆದ್ದರು. ಘೋಷಣೆ ಮಾತ್ರ ಆಮೇಲೂ ದಶಕಗಟ್ಟಲೆ ಬದುಕಿತ್ತು, ಬಡತನದ ಜೊತೆಗೇ.

'ನನ್ನ ತೆರಿಗೆ ನನ್ನ ಹಕ್ಕು': ನಮ್ಮ ಮನೆಯೊಳಗೂ ಅನ್ವಯಿಸುತ್ತದಾ?

ಈಗ ನಮ್ಮಲ್ಲಿ ಹೆಚ್ಚಿನವರಿಗೆ ಪ್ರಿಯವಾದ ಘೋಷಣೆ. 2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಸಚಿವರು, ಶಾಸಕರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. 'ನನ್ನ ತೆರಿಗೆ ನನ್ನ ಹಕ್ಕು' ಅನ್ನೋ ಹ್ಯಾಷ್‌ಟ್ಯಾಗ್ ಅದಕ್ಕೂ ಮೊದಲೇ ಓಡಾಡುತ್ತಿತ್ತು.

ಇದರ ಹಿಂದಿನ ದೂರಿನಲ್ಲಿ ಹುರುಳಿದೆ. 15ನೇ ಆಯೋಗದ ಸೂತ್ರದಲ್ಲಿ ಶೇ. 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ ಇತ್ತು. ಅಂದರೆ ಶ್ರೀಮಂತ ರಾಜ್ಯಕ್ಕೆ ಕಡಿಮೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತಿ, ರಾಯಚೂರಿನವರನ್ನೂ ಕಾಗದದ ಮೇಲೆ ಶ್ರೀಮಂತರನ್ನಾಗಿ ಮಾಡಿತು. 1971ರ ಜನಸಂಖ್ಯೆಯನ್ನು ಪೂರ್ತಿ ಕೈಬಿಟ್ಟು 2011ರ ಜನಸಂಖ್ಯೆ ಹಿಡಿದಿದ್ದರಿಂದ, ಕುಟುಂಬ ಯೋಜನೆಯನ್ನು ಚೆನ್ನಾಗಿ ಪಾಲಿಸಿದ ದಕ್ಷಿಣದ ರಾಜ್ಯಗಳಿಗೆ ಪೆಟ್ಟು ಬಿತ್ತು. ಆ ಪೆಟ್ಟು ತಗ್ಗಿಸಲು ಶೇ. 12.5ರ ತೂಕ ಇಟ್ಟರು, ನಿಜ. ಆದರೂ ಲೆಕ್ಕದ ಕೊನೆಗೆ ಕರ್ನಾಟಕದ ಪಾಲು ಇಳಿಯಿತು. ಇದಕ್ಕಿಂತ ಮುಖ್ಯವಾಗಿ, ಕೇಂದ್ರ ವಸೂಲಿ ಮಾಡುವ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಯೇ ಇಲ್ಲ. ಹಂಚುವ ಪಾತ್ರೆಯಲ್ಲಿ ಶೇ. 41 ರಾಜ್ಯಗಳಿಗೆ ಅನ್ನುತ್ತಾರೆ, ಆದರೆ ಪಾತ್ರೆಗೆ ಬೀಳದ ದುಡ್ಡಿನ ಬಗ್ಗೆ ಆ ಸಂಖ್ಯೆ ಏನೂ ಹೇಳುವುದಿಲ್ಲ.

ಇಷ್ಟೂ ಗಟ್ಟಿ ವಾದ. ಆದರೆ ಘೋಷಣೆ ಹೇಳುತ್ತಿರುವುದು ಇದನ್ನಲ್ಲ. ಅದು ಹೇಳುತ್ತಿರುವುದು 'ನಾನು ಕೊಟ್ಟ ತೆರಿಗೆ ನನಗೇ ವಾಪಸ್ ಬರಬೇಕು' ಅನ್ನುವ ತತ್ವವನ್ನು. ಆ ತತ್ವವನ್ನು ಕರ್ನಾಟಕದ ಒಳಗೆ ಇಟ್ಟು ನೋಡಿ.

ರಾಜ್ಯದ ತೆರಿಗೆ ಆದಾಯದಲ್ಲಿ ಸಿಂಹಪಾಲು ಬೆಂಗಳೂರಿನದು. ಬೆಂಗಳೂರಿನವರು ನಾಳೆ 'ನನ್ನ ತೆರಿಗೆ ನನ್ನ ಹಕ್ಕು' ಅಂತ ವಿಧಾನಸೌಧದ ಮುಂದೆ ಕೂತರೆ ಏನು ಉತ್ತರ ಕೊಡುತ್ತೀರಿ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಪ್ರಕಾರ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ ತಾಲ್ಲೂಕುಗಳಿಗೆ ವಿಶೇಷ ಅನುದಾನ ಕೊಡಿ ಅಂತ ಆ ಸಮಿತಿ ಹೇಳಿತ್ತು. ಕಲ್ಯಾಣ ಕರ್ನಾಟಕಕ್ಕಾಗಿ ಸಂವಿಧಾನಕ್ಕೆ 371(ಜೆ) ಸೇರಿಸಿಕೊಂಡಿದ್ದೇವೆ. ಇದೆಲ್ಲ ನಿಂತಿರುವುದು 'ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಡುವುದು ನ್ಯಾಯ' ಎಂಬ ಮಾತಿನ ಮೇಲೆ. ದಿಲ್ಲಿಗೆ ಹೋದಾಗ ಒಂದು ತತ್ವ, ಕಲಬುರಗಿಗೆ ಬಂದಾಗ ಇನ್ನೊಂದು ಅಂದರೆ ಹೇಗೆ?

ಇನ್ನೊಂದು ತೊಡಕು 'ನನ್ನ' ಅನ್ನುವ ಪದದಲ್ಲೇ ಇದೆ. ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇರುವ ಕಂಪನಿ ದೇಶದ ಮೂಲೆಮೂಲೆಯ ಗ್ರಾಹಕರಿಂದ ಗಳಿಸಿ, ಆದಾಯ ತೆರಿಗೆಯನ್ನು ಬೆಂಗಳೂರಿನಲ್ಲಿ ಕಟ್ಟಿದರೆ ಲೆಕ್ಕದ ಪುಸ್ತಕದಲ್ಲಿ ಅದು ಕರ್ನಾಟಕದ ಹೆಸರಿಗೆ ಬೀಳುತ್ತದೆ. ಅದೇ ಥರ ಇಲ್ಲಿನವರು ಖರ್ಚು ಮಾಡಿದ್ದರಲ್ಲಿ ಒಂದಷ್ಟು ಮುಂಬೈಯ ಹೆಸರಿಗೆ ಬೀಳುತ್ತದೆ. ಹಾಗಾಗಿ 'ನಾವು 100 ರೂಪಾಯಿ ಕೊಟ್ಟರೆ ಇಷ್ಟೇ ವಾಪಸ್' ಅನ್ನುವ ಪೋಸ್ಟರಿನ ಲೆಕ್ಕ ಅಷ್ಟು ಸರಳ ಅಲ್ಲ.

ಹಾಗಾದರೆ ಸುಮ್ಮನಿರಬೇಕಾ? ಬೇಡ. 'ಸೆಸ್ ದುಡ್ಡನ್ನೂ ಹಂಚಿ', 'ಸೂತ್ರದಲ್ಲಿ ಆದಾಯದ ಅಂತರದ ತೂಕ ಇಳಿಸಿ', 'ಆಯೋಗ ಹೇಳಿದ ಅನುದಾನ ಕೊಡಿ' ಅಂತ ಕೇಳಿದರೆ ವಿಜಯಪುರದವರೂ ಬೆಂಗಳೂರಿನವರೂ ಒಟ್ಟಿಗೆ ನಿಂತು ಕೇಳಬಹುದು. ಇವು ಹ್ಯಾಷ್‌ಟ್ಯಾಗ್ ಆಗಲ್ಲ ಅನ್ನೋದು ನಿಜ. ಆದರೆ ಎದುರಿನವರಿಗೆ ಉತ್ತರ ಕೊಡಲು ಕಷ್ಟವಾಗುವುದು ಇವಕ್ಕೇ. 'ನನ್ನ ತೆರಿಗೆ ನನ್ನ ಹಕ್ಕು' ಅಂದರೆ 'ಹಾಗಾದರೆ ದೇಶ ಒಡೆಯುತ್ತೀರಾ?' ಅಂತ ಒಂದೇ ಏಟಿಗೆ ಬಾಯಿ ಮುಚ್ಚಿಸಬಹುದು. 'ಸೆಸ್ ಯಾಕೆ ಹಂಚಲ್ಲ?' ಅಂದರೆ ಲೆಕ್ಕ ಕೊಡಬೇಕಾಗುತ್ತದೆ. ಎರಡನೇ ಪ್ರಶ್ನೆ ಇದು: *ಈ ತತ್ವವನ್ನು ನನ್ನ ಮನೆಗೂ ಅನ್ವಯಿಸಲು ನಾನು ತಯಾರಿದ್ದೇನಾ?*

ಒಂದು ಪದವೇ ತೀರ್ಪಾದಾಗ

ಕೆಲವು ಸಲ ಘೋಷಣೆಗೆ ನಾಲ್ಕು ಪದವೂ ಬೇಡ. 'ಬಿಟ್ಟಿ ಭಾಗ್ಯ' ಅಂದರೆ ಸಾಕು. 2023ರಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ, ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬಂದಾಗಿನಿಂದ ಈ ಪದ ಕೇಳದ ದಿನವಿಲ್ಲ.

'ಬಿಟ್ಟಿ' ಪದದ ಚರಿತ್ರೆ ಗೊತ್ತಾ? ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಅದು. ಅಂದರೆ ಬಡವರಿಂದ ಪುಕ್ಕಟೆಯಾಗಿ ಕಿತ್ತುಕೊಂಡಿದ್ದಕ್ಕೆ ಇದ್ದ ಹೆಸರು, ಇವತ್ತು ಬಡವರಿಗೆ ಕೊಟ್ಟಿದ್ದನ್ನು ಹೀಗಳೆಯಲು ಬಳಕೆಯಾಗುತ್ತಿದೆ. ಅತ್ತ 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ದರವನ್ನು ಶೇ. 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಡುತ್ತಿದ್ದೇವೆ ಅಂತ ಸರ್ಕಾರವೇ ಅಂದಾಜು ಹೇಳಿತು. ಅದಕ್ಕೆ ಸಿಕ್ಕ ಹೆಸರು 'ಉತ್ತೇಜನ'.

ಆದರೆ ಇಲ್ಲೂ ನಿಲ್ಲಬೇಡಿ. 'ಬಿಟ್ಟಿ' ಎಂಬ ಪದ ಮೋಸದ್ದು ಅಂತ ತೋರಿಸಿದರೆ ಗ್ಯಾರಂಟಿ ಯೋಜನೆಗಳು ಸರಿ ಅಂತ ಸಾಬೀತಾಗಲ್ಲ. ದುಡ್ಡು ಎಲ್ಲಿಂದ ಬರುತ್ತಿದೆ, ಅದಕ್ಕಾಗಿ ಯಾವ ಕೆಲಸ ನಿಂತಿದೆ, ಬಸ್ ಫ್ರೀ ಆದಮೇಲೆ ಬಸ್ಸುಗಳ ಸಂಖ್ಯೆ ಸಾಕಾ, ಎಸ್‌ಸಿ–ಎಸ್‌ಟಿ ಉಪಯೋಜನೆಯ ಹಣ ಇದಕ್ಕೆ ಹೋಗುತ್ತಿದೆಯಾ ಅನ್ನೋ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಮಾತಿನ ಪಂದ್ಯದಲ್ಲಿ ಗೆದ್ದರೆ ಲೆಕ್ಕಪತ್ರದಲ್ಲಿ ಗೆದ್ದ ಹಾಗಲ್ಲ. ಮೂರನೇ ಪ್ರಶ್ನೆ: *ಇದೇ ಕೆಲಸವನ್ನು ಬೇರೆಯವರು ಮಾಡಿದಾಗ ನಾನು ಯಾವ ಪದ ಬಳಸುತ್ತೇನೆ?*

ಕಾನೂನಾದ ಘೋಷಣೆ

ಇಲ್ಲಿಯವರೆಗೆ ಓದಿ 'ಹಾಗಾದರೆ ಘೋಷಣೆಗಳೆಲ್ಲ ಮೋಸ' ಅಂತ ತೀರ್ಮಾನಕ್ಕೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಕರ್ನಾಟಕದ ಚರಿತ್ರೆಯಲ್ಲಿ ಒಂದು ಘೋಷಣೆ ಲಕ್ಷಾಂತರ ಕುಟುಂಬಗಳ ಬದುಕನ್ನೇ ಬದಲಿಸಿದೆ: 'ಉಳುವವನೇ ಹೊಲದೊಡೆಯ'.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಜಗಳದ ಬುಡದಲ್ಲಿ ಇದ್ದದ್ದು ಒಂದು ಅಳತೆಯ ಪಾತ್ರೆ. ಗೇಣಿಯ ಭತ್ತ ಅಳೆಯುವ ಕೊಳಗ ಮಾಮೂಲಿಗಿಂತ ದೊಡ್ಡದಿದೆ ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪ ಮುಂದಾಳಾಗಿದ್ದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಕೈಜೋಡಿಸಿದರು, ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಕೊಳಗದ ಅಳತೆಯಿಂದ ಶುರುವಾದ ಪ್ರಶ್ನೆ, ಭೂಮಿ ಯಾರದು ಅನ್ನುವ ಪ್ರಶ್ನೆಯಾಗಿ ಬೆಳೆಯಿತು.

ಎರಡು ದಶಕದ ಮೇಲೆ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಇಲ್ಲಿ ಗಮನಿಸಬೇಕಾದ್ದು, ಎರಡೇ ಪದದ ಘೋಷಣೆ ಕಾನೂನಾಗುವಾಗ ಎಷ್ಟು ವಿವರ ಸೇರಿಕೊಂಡಿತು ಎಂಬುದು. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರುತ್ತದೆ. ಗೇಣಿದಾರ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕು. ಆ ಅರ್ಜಿಯೇ ಫಾರಂ ನಂಬರ್ 7. ಕರಾವಳಿಯ ಹಳಬರು ಇವತ್ತಿಗೂ ಅದನ್ನು 'ಡಿಕ್ಲರೇಷನ್' ಅನ್ನುತ್ತಾರೆ. ಅರ್ಜಿ ವಿಚಾರಣೆಗೆ ಭೂ ನ್ಯಾಯಮಂಡಳಿಗಳು. ಅಲ್ಲಿ ವಕೀಲರು ವಾದ ಮಾಡುವಂತಿಲ್ಲ, ಯಾಕೆಂದರೆ ಒಳ್ಳೆ ವಕೀಲರನ್ನು ಇಡುವ ತಾಕತ್ತು ಧಣಿಗೆ ಇತ್ತೇ ಹೊರತು ಒಕ್ಕಲಿಗೆ ಇರಲಿಲ್ಲ. ಅರ್ಜಿಯ ಗಡುವು ವಿಸ್ತರಣೆಯಾಗುತ್ತಾ 1979ರ ಜೂನ್ 30ಕ್ಕೆ ಬಂತು. ಸುಮಾರು 8 ಲಕ್ಷ ಅರ್ಜಿಗಳು ಬಂದವು.

ಯಾರು, ಯಾವಾಗಿನಿಂದ, ಯಾವ ಕಚೇರಿಯಲ್ಲಿ, ಯಾವ ಕಾಗದದ ಮೇಲೆ, ಯಾವ ತಾರೀಕಿನೊಳಗೆ: 'ಗರೀಬಿ ಹಟಾವೋ'ದಲ್ಲಿ ಕಾಣದ ಉತ್ತರಗಳೆಲ್ಲ ಇಲ್ಲಿವೆ.

ಆದರೆ ಈ ಘೋಷಣೆಯನ್ನೂ ಬಿಚ್ಚೋಣ. 'ಉಳುವವನು' ಅಂದರೆ ಯಾರು? ಕಾಯ್ದೆಯ ಪ್ರಕಾರ ಗೇಣಿದಾರ. ಅದೇ ಗದ್ದೆಯಲ್ಲಿ ಕೂಲಿಗೆ ನೇಗಿಲು ಹಿಡಿದವನು, ನಾಟಿ ಮಾಡಿದವಳು, ಕಳೆ ಕಿತ್ತವಳು ಈ ಲೆಕ್ಕಕ್ಕೆ ಬರಲಿಲ್ಲ. ಅವರಲ್ಲಿ ದಲಿತರು ಎಷ್ಟು ಇದ್ದರು ಅಂತ ಹೇಳಬೇಕಾಗಿಲ್ಲ. ಕೃಷಿ ಕೂಲಿಗಳಿಗೆ ತಾವು ಇದ್ದ ಗುಡಿಸಿಲಿನ ಜಾಗದ ಮೇಲೆ ಹಕ್ಕು ಕೊಡುವ ಕಲಮು ಕಾಯ್ದೆಯಲ್ಲಿದೆ, ಉತ್ತ ಹೊಲದ ಮೇಲೆ ಇಲ್ಲ. ಇನ್ನು 'ಉಳುವವನು' ಎಂಬ ಪದದಲ್ಲೇ ಗಂಡಸು ಕೂತಿದ್ದಾನೆ. ದಾಖಲೆಗಳೂ ಬಹುಮಟ್ಟಿಗೆ ಗಂಡಸರ ಹೆಸರಿಗೇ ಆದವು. ಇದನ್ನು ಹೇಳಿದರೆ ಅರಸು ಅವರ ಕೆಲಸ ಸಣ್ಣದಾಗಲ್ಲ. ಆದರೆ ಆ ಘೋಷಣೆ ಯಾರನ್ನು ಹೊರಗೆ ಬಿಟ್ಟಿತ್ತು ಅಂತ ಕೇಳದಿದ್ದರೆ, ಅರ್ಧ ಶತಮಾನದ ನಂತರವೂ ಕೂಲಿಯವರ ಮಕ್ಕಳು ಯಾಕೆ ಭೂರಹಿತರು ಅನ್ನೋದು ಅರ್ಥವಾಗಲ್ಲ. ನಾಲ್ಕನೇ ಪ್ರಶ್ನೆ: *ಘೋಷಣೆಯ ಕರ್ತೃಪದದೊಳಗೆ ಯಾರಿದ್ದಾರೆ, ಯಾರಿಲ್ಲ?*

ಕತೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಅಂದಿನ ಬಿಜೆಪಿ ಸರ್ಕಾರ ಇದೇ ಕಾಯ್ದೆಯ 79ಎ, 79ಬಿ, 79ಸಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಯೇತರ ಆದಾಯ 25 ಲಕ್ಷ ರೂಪಾಯಿ ಮೀರಿದವರು ಕೃಷಿ ಜಮೀನು ಕೊಳ್ಳಬಾರದು ಅನ್ನುವಂಥ ನಿರ್ಬಂಧಗಳು ಅದರೊಂದಿಗೆ ಹೋದವು. ಆಗ ಹುಟ್ಟಿದ ವ್ಯಂಗ್ಯ ನಿಮಗೆ ನೆನಪಿರಬೇಕು: 'ಉಳುವವನೇ ಭೂ ಒಡೆಯ' ಹೋಗಿ 'ಉಳ್ಳವನೇ ಭೂ ಒಡೆಯ' ಬಂತು. ಅರ್ಧ ಅಕ್ಷರದ ಆಟದಲ್ಲಿ ಇಡೀ ವಿರೋಧ ಹಿಡಿಸಿಬಿಟ್ಟಿತ್ತು. ಅದ್ಭುತ ಘೋಷಣೆ, ಒಪ್ಪಲೇಬೇಕು.

ಅದಕ್ಕೇ ಅದನ್ನು ಇನ್ನೂ ಎಚ್ಚರದಿಂದ ಓದಬೇಕು. ಸರ್ಕಾರ ತನ್ನ ಪರವಾಗಿ ಹೇಳಿದ್ದು, ಹಳೆ ನಿರ್ಬಂಧಗಳು ಭ್ರಷ್ಟಾಚಾರಕ್ಕೆ ದಾರಿಯಾಗಿವೆ, ಕೃಷಿಗೆ ಬರಬೇಕೆನ್ನುವ ವಿದ್ಯಾವಂತರಿಗೆ ಅಡ್ಡಿಯಾಗಿವೆ ಅಂತ. ರೈತ ಸಂಘಟನೆಗಳು ಹೇಳಿದ್ದು, ಸಾಲದಲ್ಲಿರುವ ಸಣ್ಣ ರೈತ ಜಮೀನು ಮಾರಿ ಕೂಲಿಯಾಗುತ್ತಾನೆ ಅಂತ. ಯಾವುದು ನಿಜವಾಯಿತು? ಅದಕ್ಕೆ ಉತ್ತರ ಪ್ರಾಸದಲ್ಲಿ ಸಿಗಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗಳಲ್ಲಿದೆ. 2020ರ ನಂತರ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಎಕರೆ ಕೈ ಬದಲಾಯಿತು, ಕೊಂಡವರು ಯಾರು, ಮಾರಿದವರ ಹಿಡುವಳಿ ಎಷ್ಟಿತ್ತು, ಕೊಂಡ ಜಮೀನಿನಲ್ಲಿ ಬೆಳೆ ಇದೆಯಾ ಬೇಲಿ ಮಾತ್ರ ಇದೆಯಾ? ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಬಹುದಾದ ಪ್ರಶ್ನೆಗಳಿವು. ಘೋಷಣೆ ಕೂಗಿದ ನೂರು ಜನರಲ್ಲಿ ಇಬ್ಬರು ಆ ಅರ್ಜಿ ಹಾಕಿದರೆ, ಉಳಿದ 98 ಜನರ ಕೂಗಿಗೆ ಬೆನ್ನೆಲುಬು ಬರುತ್ತದೆ.

ಯೋಚನೆಗೆ ಬೀಗ ಹಾಕುವ ಮಾತುಗಳು

ಕೊನೆಯದಾಗಿ ಒಂದು ಬಗೆಯ ಮಾತಿದೆ. ಅದು ನಮ್ಮನ್ನು ಏನನ್ನೂ ಮಾಡಿಸುವುದಿಲ್ಲ, ಯೋಚಿಸುವುದನ್ನು ನಿಲ್ಲಿಸುತ್ತದೆ ಅಷ್ಟೇ. ಚೀನಾದಲ್ಲಿ ಮನಃಪರಿವರ್ತನೆಯ ಹೆಸರಿನ ಹಿಂಸೆಗೆ ಒಳಗಾದವರನ್ನು ಅಧ್ಯಯನ ಮಾಡಿದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1961ರ ತಮ್ಮ ಪುಸ್ತಕದಲ್ಲಿ ಇಂಥ ಮಾತುಗಳಿಗೆ ಒಂದು ಹೆಸರೇ ಕೊಟ್ಟರು: ಚಿಂತನೆಗೆ ಪೂರ್ಣವಿರಾಮ ಹಾಕುವ ಸವಕಲು ಮಾತು.

ನಮ್ಮಲ್ಲಿ ಇವಕ್ಕೆ ಬರವಿಲ್ಲ. ಬಲಕ್ಕೆ ವಾಲಿದವರ ಹತ್ತಿರ 'ಹಾಗಾದರೆ ಪಾಕಿಸ್ತಾನಕ್ಕೆ ಹೋಗಿ' ಇದೆ. ಎಡಕ್ಕೆ ವಾಲಿದವರ ಹತ್ತಿರ 'ಇದೆಲ್ಲ ಮನುವಾದಿ ಹುನ್ನಾರ' ಇದೆ, ಎದುರಿನವರ ವಾದ ಏನೆಂದು ಕೇಳುವ ಮೊದಲೇ ತಯಾರಾಗಿರುತ್ತದೆ. ರಾಜಕೀಯವೇ ಬೇಡ ಅನ್ನುವವರ ಹತ್ತಿರ 'ಎಲ್ಲಾ ಪಕ್ಷದವರೂ ಕಳ್ಳರೇ ಬಿಡಿ ಗುರೂ' ಇದೆ. ಈ ಕೊನೆಯದು ಬಹಳ ಬುದ್ಧಿವಂತಿಕೆಯ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಬಿಚ್ಚಿ ನೋಡಿದರೆ ಅದರಿಂದ ಅನುಕೂಲವಾಗುವುದು ಹೆಚ್ಚು ಕದ್ದವನಿಗೆ, ಯಾಕೆಂದರೆ ಅವನೂ ಕಮ್ಮಿ ಕದ್ದವನೂ ಒಂದೇ ಆಗಿಬಿಡುತ್ತಾರೆ. 'ಘೋಷಣೆಗಳೆಲ್ಲ ಸುಳ್ಳು' ಅನ್ನುವುದೂ ಇದೇ ಜಾತಿಯ ಇನ್ನೊಂದು ಘೋಷಣೆ.

ಘೋಷಣೆ ಇಲ್ಲದೆ ಚಳವಳಿ ಇಲ್ಲ. ಕಾಗೋಡಿನ ಒಕ್ಕಲುಗಳು ಕಾಯ್ದೆಯ ಕಲಮು ಓದಿಕೊಂಡು ಬೀದಿಗೆ ಬರಲಿಲ್ಲ, ಎರಡು ಪದ ಹಿಡಿದುಕೊಂಡು ಬಂದರು. ಆದರೆ ಆ ಎರಡು ಪದ ಪಹಣಿ ಪತ್ರಿಕೆಯ ಮೇಲೆ ಹೆಸರಾಗಿ ಇಳಿಯಲು ಫಾರಂ ನಂಬರ್ 7 ಬೇಕಾಯಿತು, ಗಡುವು ಬೇಕಾಯಿತು, ವಕೀಲರಿಲ್ಲದ ನ್ಯಾಯಮಂಡಳಿ ಬೇಕಾಯಿತು. ಆ ಫಾರಂನಲ್ಲಿ ಯಾರಿಗೆ ಕಾಲಂ ಇರಲಿಲ್ಲವೋ ಅವರಿಗೆ ಭೂಮಿಯೂ ಸಿಗಲಿಲ್ಲ.

ಹಾಗಾಗಿ ಫ್ರೀಡಂ ಪಾರ್ಕಿನಲ್ಲಿ ಮುಷ್ಟಿ ಎತ್ತಿ ಕೂಗಿ, ತಪ್ಪೇನಿಲ್ಲ. ಸ್ಟೇಟಸ್ಸಿಗೂ ಹಾಕಿಕೊಳ್ಳಿ. ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಸಂಗಾತಿಯನ್ನು ಮಾತ್ರ ಒಂದು ಪ್ರಶ್ನೆ ಕೇಳಿ: ನಾವು ಇವತ್ತು ಕೂಗಿದ್ದರ ಫಾರಂ ನಂಬರ್ 7 ಯಾವುದು? ಅದರಲ್ಲಿ ಯಾರ ಹೆಸರಿಗೆ ಜಾಗ ಇಲ್ಲ?